ನಾರಾಯಣಪುರದ ನೊಣದ ವಂಶಾವಳಿ

ಒಂದು ಡಜನ್ ಬಾಳೆಹಣ್ಣು ತಂದರೆ ಹತ್ತು ಹೇಗೋ ಖರ್ಚಾಗಿ, ಕಡೆಯ ಎರಡು ಮಾತ್ರ ಯಾರಿಗೂ ಬೇಡವಾಗಿ ಉಳಿದುಬಿಡುವುದು ನಮ್ಮ ಮನೆಯ ಅನಾದಿ ನಿಯಮ. ಆ ಎರಡರ ಮೈಮೇಲೆ ಕಪ್ಪು ಚುಕ್ಕೆ ಮೂಡಿ, ಅಡುಗೆಮನೆಯಲ್ಲಿ ಹುಳಿಮಿಶ್ರಿತ ಸಿಹಿವಾಸನೆ ಹರಡಿದ ಮರುಗಳಿಗೆಗೆ ಎಲ್ಲಿಂದಲೋ ಐದಾರು ಸಣ್ಣ ನೊಣಗಳು ಪ್ರತ್ಯಕ್ಷವಾಗುತ್ತವೆ. ಕರೆಯದೆ ಬರುವ ಅತಿಥಿಗಳಲ್ಲಿ ಇಷ್ಟು ಸಮಯಪ್ರಜ್ಞೆ ಉಳ್ಳವರನ್ನು ನಾನು ಬೇರೆ ಕಂಡಿಲ್ಲ. ನನ್ನ ಹೆಂಡತಿ ಟವೆಲು ಹಿಡಿದು ಬರುತ್ತಾಳೆ. ನಾನು ಕನ್ನಡಕ ಹಿಡಿದು ಬರುತ್ತೇನೆ. ಹಿಂಭಾಗ ಕಪ್ಪಗಿದ್ದರೆ ಗಂಡು, ಗೆರೆಗೆರೆಯಾಗಿದ್ದರೆ ಹೆಣ್ಣು ಎಂದು ನಾನು ಬಗ್ಗಿ ನೋಡುತ್ತ ನಿಂತರೆ ಅವಳಿಗೆ ತಲೆ ಕೆಡುತ್ತದೆ.

"ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿ ಏನು ಅವುಕ್ಕ ಲಗ್ನಾ ಮಾಡವ್ರಿದ್ದೀರೇನು? ಓಡಸ್ರಿ ಅತ್ತಾಗ!" ಎನ್ನುತ್ತಾಳೆ.

ಮಾತಿನಲ್ಲಿ ಕುಹಕವಿದೆ, ಸುಳ್ಳಿಲ್ಲ. ಓದುಗ ಮಹಾಶಯರೇ, ನನ್ನ ಜತೆ ಇನ್ನಷ್ಟು ದೂರ ಬರುವುದಾದರೆ ನೀವೂ ಇದನ್ನು ಮೊದಲೇ ತಿಳಿದಿರುವುದು ಕ್ಷೇಮ: ಮೂವತ್ತು ವರ್ಷಕ್ಕೂ ಮೇಲೆ ನಾನು ಸಂಬಳ ತಿಂದು ಮಾಡಿದ ಉದ್ಯೋಗ ನೊಣಗಳಿಗೆ ಲಗ್ನ ಮಾಡಿಸುವುದೇ ಆಗಿತ್ತು. ಹುಟ್ಟಿದ್ದು ಯಾದಗಿರಿ, ಅನ್ನ ಕೊಟ್ಟದ್ದು ಶಹಾಪುರ. ಅಲ್ಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿ, ಈ ಗಂಡಿಗೆ ಈ ಹೆಣ್ಣೆಂದು ನಿಶ್ಚಯಿಸಿ, ಬಾಟಲಿಯೊಳಗೆ ಸಂಸಾರ ಹೂಡಿಸಿ, ಹತ್ತು ಹನ್ನೆರಡು ದಿನಕ್ಕೆ ಮಕ್ಕಳನ್ನೂ ತಿಂಗಳೊಪ್ಪತ್ತಿಗೆ ಮೊಮ್ಮಕ್ಕಳನ್ನೂ ಎಣಿಸಿ, ಪಾಠ ಹೇಳುತ್ತಿದ್ದೆ. ಊರಿನಲ್ಲಿ ಗಣಿತದ ಮಾಸ್ತರ, ಇಂಗ್ಲಿಷಿನ ಮಾಸ್ತರ ಎಂದು ಇದ್ದ ಹಾಗೆ ನಾನು ನೊಣದ ಮಾಸ್ತರ. ಆ ಹೆಸರು ಮೊದಮೊದಲು ಚುಚ್ಚುತ್ತಿತ್ತು, ಆಮೇಲೆ ರೂಢಿಯಾಯಿತು.

ವಿಜ್ಞಾನದ ಪರಿಭಾಷೆಯಲ್ಲಿ ಹಣ್ಣುನೊಣಕ್ಕೆ 'ಮಾದರಿ ಜೀವಿ' ಎಂಬ ಬಿರುದುಂಟು. ಇಲಿ, ಯೀಸ್ಟು, ಮಣ್ಣಿನೊಳಗಿನ ಒಂದು ಹುಳು, ಸಾಸಿವೆಯ ಕುಲದ ಒಂದು ಕಳೆಗಿಡ, ಇವಕ್ಕೂ ಅದೇ ಬಿರುದು. ನನ್ನ ಮಾವನವರು ಒಮ್ಮೆ ಊಟಕ್ಕೆ ಕೂತಾಗ, "ಅಳಿಯಂದ್ರ, ಆ ನೊಣದ ಮಾದರಿ ಹಿಡಿದು ನಾವು ಬದುಕಬೇಕಂತೇನು?" ಎಂದು ಗಂಭೀರವಾಗಿ ಕೇಳಿದ್ದರು. ಹಾಗಲ್ಲ, ಅದರ ಒಳಗಿನ ವಂಶವಾಹಿಗಳಿಗೂ ನಮ್ಮ ಒಳಗಿನವಕ್ಕೂ ದಾಯಾದಿ ಸಂಬಂಧವಿದೆ, ಅದನ್ನು ನೋಡಿ ನಮ್ಮನ್ನು ತಿಳಿಯುವುದು ಎಂದು ನಾನು ವಿವರಿಸಿದೆ. ದಾಯಾದಿ ಎಂಬ ಶಬ್ದ ಕೇಳಿದ್ದೇ ತಡ, ಅವರ ಮನಸ್ಸು ಹೊಲದ ತಕರಾರಿನ ಕಡೆ ಹರಿಯಿತು, ನೊಣ ಪಾರಾಯಿತು.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕೃಷ್ಣೆಯ ಕಾಲುವೆ ನೀರು ನಮ್ಮ ಸೀಮೆಗೆ ಹೊಸದಾಗಿ ಬಂದಿತ್ತು. ಅದರ ಸಂಭ್ರಮವನ್ನು ಈಗಿನವರಿಗೆ ಹೇಗೆ ಹೇಳಲಿ! ಜೋಳ, ತೊಗರಿ, ಶೇಂಗಾ ಬಿಟ್ಟು ಬೇರೆ ಕಾಣದ ಕರಿಮಣ್ಣಿನಲ್ಲಿ ಕಣ್ಣು ಹಾಯುವಷ್ಟು ದೂರ ನೆಲ್ಲಿನ ಹಸಿರು; ತೆಲುಗು ಮಾತಾಡುವ ರೈತರ ಕ್ಯಾಂಪುಗಳು; ಜನ್ಮದಲ್ಲಿ ಕೇಳದಷ್ಟು ಕಪ್ಪೆಗಳ ಸದ್ದು. ಸಂಜೆ ನಾವು ಅಧ್ಯಾಪಕರೆಲ್ಲ ಕಾಲುವೆಯ ದಂಡೆಗೆ ಹೋಗಿ ನೀರು ನೋಡುತ್ತ ಕೂರುತ್ತಿದ್ದೆವು. ಸುಮ್ಮನೆ ಹರಿಯುವ ನೀರನ್ನು ನೋಡಲೆಂದು ಜನ ಸೈಕಲ್ ತುಳಿದುಕೊಂಡು ಬರುತ್ತಿದ್ದ ಕಾಲವದು. ಬಿಸಿರೊಟ್ಟಿಯ ಮನೆಗಳಲ್ಲಿ ಎರಡು ಹೊತ್ತು ಅನ್ನ ಬೇಯತೊಡಗಿತು. ನಮ್ಮ ಅವ್ವ "ಅನ್ನಾ ತಿಂದ್ರ ಹೊಟ್ಟಿ ತುಂಬತೈತಿ, ಮನಸು ತುಂಬಂಗಿಲ್ಲ" ಎಂದು ಗೊಣಗುತ್ತಲೇ ಉಣ್ಣುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಒದ್ದೆ ಮಣ್ಣಿನ ವಾಸನೆ ಬರುತ್ತದೆ.

ನಮ್ಮ ವಿಭಾಗದಲ್ಲಿ ಇದ್ದವರು ಇಬ್ಬರೇ. ಒಬ್ಬ ನಾನು, ಮುಖ್ಯಸ್ಥ. ಇನ್ನೊಬ್ಬ ಪ್ರಯೋಗಾಲಯದ ಅಟೆಂಡರ್ ಮಾನಪ್ಪ. ಸುರಪುರದವನು, ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವನು, ಒಣಕಲು ಮೈಯ ಮಿತಭಾಷಿ. ಪುಸ್ತಕದಲ್ಲಿ ನೊಣದ ಆಹಾರಕ್ಕೆ ಗೋವಿನಜೋಳದ ಹಿಟ್ಟು ಹಾಕಬೇಕೆಂದಿತ್ತು. ಮಾನಪ್ಪ ಬಿಳಿಜೋಳದ ಹಿಟ್ಟಿಗೆ ಬೆಲ್ಲ ಕೂಡಿಸಿ, ಕುದಿಸಿ, ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿ, "ಇದು ನಡೀತೈತ್ರಿ" ಎಂದು ತೀರ್ಪು ಕೊಟ್ಟ. ನಡೆಯಿತು. ಹುಡುಗರು ಅದನ್ನು ನೊಣದ ಅಂಬಲಿ ಎಂದು ಕರೆದರು. ಬೇಸಿಗೆಯದ್ದೇ ದೊಡ್ಡ ಫಜೀತಿ. ನಮ್ಮ ಊರಿನ ಬಿಸಿಲಿಗೆ ಮನುಷ್ಯರೇ ಬಾಡುವಾಗ ನೊಣದ ಪಾಡೇನು? ಮಾನಪ್ಪ ಕೋಣೆಯ ಮೂಲೆಯಲ್ಲಿ ಮರಳು ಹಾಸಿ, ಬಾಟಲಿಗಳನ್ನು ಅದರಲ್ಲಿ ಹುಗಿದು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಎರಡು ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದ. ರವಿವಾರವೂ ಸುರಪುರದಿಂದ ಬಸ್ಸು ಹತ್ತಿ ಬಂದು ಚಿಮುಕಿಸಿ ಹೋಗುತ್ತಿದ್ದ. ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಒಮ್ಮೆ ಅವನಿಗೆ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ನೋಡಿದರೆ ಬಾಟಲಿಗಳಲ್ಲಿ ಬೂಷ್ಟು ಬೆಳೆದು, ಅರ್ಧಕ್ಕರ್ಧ ನೊಣಗಳು ಹಾಳಾಗಿದ್ದವು. ನೊಣದ ಲೋಕದಲ್ಲಿ ಇದಕ್ಕೆ ಹೊಂದುವ ಒಂದು ಸೋಜಿಗದ ಪದ್ಧತಿಯಿದೆ. ಕಣ್ಣಿಗೆ ಕೆಂಪು ಬಣ್ಣ ತರುವ ಜೀನಿಗೆ ಸಂಶೋಧಕರಿಟ್ಟ ಹೆಸರು 'ಬಿಳಿ'. ಏಕೆಂದರೆ ಅದು ಕೆಟ್ಟ ನೊಣದ ಕಣ್ಣು ಬಿಳಿಯಾಗುತ್ತದೆ. ರೆಕ್ಕೆ ಕಟ್ಟುವ ಜೀನಿನ ಹೆಸರು 'ರೆಕ್ಕೆಯಿಲ್ಲದ್ದು', ಕಣ್ಣು ರೂಪಿಸುವುದರ ಹೆಸರು 'ಕಣ್ಣಿಲ್ಲದ್ದು'. ಇದ್ದು ದುಡಿಯುವಾಗ ಯಾರ ಲಕ್ಷ್ಯಕ್ಕೂ ಬಾರದೆ, ಇಲ್ಲವಾದ ದಿನವೇ ನಾಮಕರಣ ಮಾಡಿಸಿಕೊಳ್ಳುವ ಪಾಡು ಅವುಗಳದು. ಈ ಮಾತನ್ನು ನಾನು ಪ್ರತಿವರ್ಷ ತರಗತಿಯಲ್ಲಿ ರಸವತ್ತಾಗಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಹಿಂದಿನ ಬೆಂಚಿನಾಚೆ ಬಾಟಲಿ ತೊಳೆಯುತ್ತ ನಿಂತವನ ಕಡೆ ಒಮ್ಮೆಯೂ ನೋಡಲಿಲ್ಲ.

ಇನ್ನೊಂದು ಪದ್ಧತಿಯೂ ಅವರಲ್ಲಿದೆ; ಅದು ನಮ್ಮ ಓಣಿಯ ಹೆಪ್ಪಿನ ಪದ್ಧತಿಯೇ. ಮೊಸರಿಗೆ ಹೆಪ್ಪು ಬೇಡಿ ಬಂದವರಿಗೆ ಇಲ್ಲ ಎನ್ನಬಾರದು ಎಂದು ನಮ್ಮ ಹೆಂಗಸರು ಹೇಗೆ ನಂಬಿದ್ದಾರೋ, ನೊಣ ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಪ್ರಪಂಚದ ನೊಣದವರೆಲ್ಲ ನಂಬಿದ್ದಾರೆ. ನಾನೂ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವವರ ಕೈಯಲ್ಲಿ, ಊಟದ ಡಬ್ಬಿಯೊಳಗೆ ಸಣ್ಣ ಸೀಸೆಗಳನ್ನಿಟ್ಟು, ದಕ್ಷಿಣದ ವಿಶ್ವವಿದ್ಯಾಲಯವೊಂದಕ್ಕೆ ನೊಣ ಕಳಿಸಿದ್ದೇನೆ. ಹಾಗೆ ಕಳಿಸಿದ್ದರಲ್ಲಿ ಒಂದು ತಳಿಯೇ ಈ ಪ್ರಬಂಧದ ನಾಯಕ.

ಕಾಲುವೆ ಬಂದ ಮೇಲೆ ಸೀಮೆಯ ಬೆಳೆ, ಊಟ, ಸೊಳ್ಳೆ ಎಲ್ಲ ಬದಲಾಯಿತಷ್ಟೆ? ನೊಣವೂ ಬದಲಾಗಿರಬೇಕು ಎಂದು ನನಗೆ ಹೊಳೆಯಿತು. ಉತ್ಸಾಹದಲ್ಲಿ ಹೊಳೆದದ್ದೆಲ್ಲ ಸತ್ಯವೆನಿಸುವುದು ಸಹಜ. ಅಣೆಕಟ್ಟಿನ ಬಗಲಿಗೇ ಇರುವ ನಾರಾಯಣಪುರದ ಕಾಲುವೆ ದಂಡೆಯಿಂದ ಒಂದು ತಂಡ ನೊಣ, ನಮ್ಮ ಕಾಲೇಜು ಕ್ಯಾಂಟೀನಿನಿಂದ ಒಂದು ತಂಡ. ಎರಡನ್ನೂ ಸಾಕಿ, ಅವುಗಳ ಮೈಮೇಲಿನ ಬಿರುಗೂದಲು ಎಣಿಸಿದೆ. ನಾರಾಯಣಪುರದ ನೊಣಕ್ಕೆ ಕೂದಲು ತುಸು ಹೆಚ್ಚು! ತೇವದ ಹವೆಯ ಪ್ರಭಾವವೆಂದು ಎರಡು ಪುಟದ ಟಿಪ್ಪಣಿ ಬರೆದು, ನೊಣ ಸಾಕುವವರು ತಮ್ಮತಮ್ಮೊಳಗೆ ಹೊರಡಿಸುವ ವಾರ್ಷಿಕ ಸಂಚಿಕೆಯೊಂದಕ್ಕೆ ಕಳಿಸಿದೆ. ಅಚ್ಚಾಯಿತು. ಊರ ಹೆಸರನ್ನೇ ತಳಿಗೆ ಇಡುವ ವಾಡಿಕೆಯಂತೆ ತಳಿಯ ಹೆಸರು 'ನಾರಾಯಣಪುರ'. ನನ್ನ ಜೀವಮಾನದ ಸಂಶೋಧನೆಯ ಮೊದಲ ಕಂತೂ ಅದೇ, ಕೊನೆಯ ಕಂತೂ ಅದೇ.

ವರ್ಷಗಳು ಉರುಳಿದವು. ನೆಲ್ಲಿನ ಗದ್ದೆಯ ನೆಲಕ್ಕೆ ಸವುಳು ಹತ್ತಿತು, ನನ್ನ ತಲೆಗೆ ನರೆ ಹತ್ತಿತು. ನನ್ನ ನಿವೃತ್ತಿಗೆ ವರ್ಷವೊಂದು ಉಳಿದಿದ್ದಾಗ, ಶಹಾಪುರದ ಬಸ್ ನಿಲ್ದಾಣದ ಎದುರಿಗೆ ರಫೀಕ ಎಂಬಾತ ಇಂಟರ್ನೆಟ್ ಅಂಗಡಿ ತೆರೆದ. ಪಿಯುಸಿ ಫಲಿತಾಂಶ ನೋಡಲು, ನೌಕರಿಯ ಅರ್ಜಿ ತುಂಬಲು ಜನ ಮುಗಿಬೀಳುವ ಆ ಅಂಗಡಿಯಲ್ಲಿ ನಾನು ಹೋಗಿ ಕೂತು ನೊಣದ ವಂಶವಾಹಿಗಳ ಭಂಡಾರವನ್ನು ತೆರೆಸಿದೆ. ರಫೀಕ ಬಗ್ಗಿ ಪರದೆ ನೋಡಿ, "ಏನ್ ಸರ್, ನೊಣಾ ಹೊಡ್ಯಾಕ ಮನ್ಯಾಗ ಜಾಗ ಸಾಲಲಿಲ್ಲೇನ್ರಿ?" ಎಂದ. ಒಂದು ಪುಟ ಮೂಡುವಷ್ಟರಲ್ಲಿ ಕರೆಂಟು ಎರಡು ಸಲ ಹೋಗಿಬರುತ್ತಿತ್ತು.

ಆದರೆ ಮೂಡಿದಾಗ! ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಾರಲ್ಲ, ಮನೆಯ ಮುಂದೆ ನಿಂತು ನಿಮ್ಮ ಮುತ್ತಾತನ ಮುತ್ತಾತ ಯಾವ ಊರಿನಿಂದ ಬಂದ, ಎಷ್ಟು ಮಕ್ಕಳನ್ನು ಹೆತ್ತ ಎಂದು ಒಂದೇ ಉಸಿರಿಗೆ ಹೇಳಿ, ಈ ವರ್ಷ ಹುಟ್ಟಿದ ಕೂಸಿನ ಹೆಸರನ್ನು ಕೇಳಿ ಸೇರಿಸಿಕೊಂಡು ಹೋಗುತ್ತಾರಲ್ಲ, ಈ ಭಂಡಾರ ನೊಣಕುಲದ ಹೆಳವ. ನೊಣದ ಜೀನೋಮಿನ ಅಕ್ಷರಅಕ್ಷರವೂ ಅಲ್ಲಿ ಬಿಡಿಸಿಟ್ಟಿದೆ. ಒಂದೊಂದು ಜೀನಿಗೆ ಒಂದೊಂದು ಪುಟ. ಅದು ಎಲ್ಲಿ ಕೂತಿದೆ, ಕೆಟ್ಟರೆ ಏನಾಗುತ್ತದೆ, ಮನುಷ್ಯನಲ್ಲಿ ಅದರ ದಾಯಾದಿ ಯಾರು, ಯಾವ ತಳಿ ಯಾರು ಹಿಡಿದದ್ದು, ಯಾರು ಯಾವ ಕಾಲದಲ್ಲಿ ಏನು ಬರೆದರು, ಎಲ್ಲ. ಬಿಡಿಗಾಸು ಕೇಳದೆ, ನೀನು ಯಾವೂರವನೆಂದೂ ಕೇಳದೆ ತೆರೆದಿಟ್ಟ ಮನೆ. ನಾನು 'ನಾರಾಯಣಪುರ' ಎಂದು ಒಂದೊಂದೇ ಅಕ್ಷರ ಒತ್ತಿದೆ. ಬಂತು! ತಳಿಯ ಹೆಸರು, ಸಂಗ್ರಹಿಸಿದ ಸ್ಥಳ ಕಾಲುವೆ ದಂಡೆ, ಸಂಗ್ರಾಹಕನೆಂದು ನನ್ನ ಹೆಸರು, ಕೆಳಗೆ ನನ್ನ ಟಿಪ್ಪಣಿಯ ಉಲ್ಲೇಖ. ಎರಡು ದಶಕದ ಹಿಂದಿನ ಎರಡು ಪುಟವನ್ನು ಸಪ್ತಸಾಗರದಾಚೆಯ ಯಾರೋ ಪುಣ್ಯಾತ್ಮರು ಓದಿ, ದಾಖಲಿಸಿ, ಕಾಪಾಡಿದ್ದರು. ಸುಳ್ಳೇಕೆ, ನನಗೆ ಕಣ್ಣೀರು ಬಂತು. ಆ ವಾರವೆಲ್ಲ ಪ್ರಾಂಶುಪಾಲರಿಂದ ಹಿಡಿದು ಕ್ಷೌರದವನವರೆಗೆ ಕಂಡಕಂಡವರನ್ನು ಎಳೆದೊಯ್ದು ಆ ಪುಟ ತೋರಿಸಿದೆ.

ಮಾನಪ್ಪನನ್ನೂ ಕರೆದೊಯ್ದೆ. ಅವನು ಸಂತೋಷಪಡುತ್ತಾನೆಂದು ನನ್ನ ಎಣಿಕೆ. ಪರದೆಯ ಮುಂದೆ ಕೈಕಟ್ಟಿ ನಿಂತು, ಒಂದೊಂದು ಸಾಲಿನ ಅರ್ಥ ಕೇಳಿಸಿಕೊಂಡ.

"ಇದು ಎಲ್ಲಾರೂ ನೋಡ್ತಾರೇನ್ರಿ ಸರ್?"

"ಇಡೀ ಜಗತ್ತು ನೋಡತೈತಿ!"

"ಎಲ್ಲಿ ಹಿಡದಿದ್ದು ಅನ್ನೋದೂ ಬರದಾರೇನ್ರಿ?"

"ಬರದಾರ, ನೋಡಿಲ್ಲಿ."

ಅವನ ಮುಖ ಸಣ್ಣದಾಯಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದ. ಆಗ ನನಗೆ ಥಟ್ಟನೆ ಹೊಳೆಯಿತು, ಸಂಗ್ರಾಹಕನೆಂದು ನನ್ನ ಹೆಸರಿದೆ. ನಾರಾಯಣಪುರಕ್ಕೆ ಹೋಗಿ ನೊಣ ಹಿಡಿದು ತಂದವನು ಅವನು! ಟಿಪ್ಪಣಿಯ ಕೊನೆಗೆ ಕೃತಜ್ಞತೆಯೆಂದು ಪ್ರಾಂಶುಪಾಲರ ಹೆಸರು ಹಾಕಿದ್ದೆ, ಸೂಕ್ಷ್ಮದರ್ಶಕ ಎರವಲು ಕೊಟ್ಟವರ ಹೆಸರು ಹಾಕಿದ್ದೆ, ಮಾನಪ್ಪನದು ಮರೆತಿದ್ದೆ. ಮರೆತೆನೆಂಬುದೂ ಸುಳ್ಳು, ಹಾಕಬೇಕೆಂದು ಅನ್ನಿಸಿಯೇ ಇರಲಿಲ್ಲ. ಅವನಿಗೆ ನೋವಾಗಿದೆ, ಆಗಲೇಬೇಕು. ಪಾಪಪ್ರಜ್ಞೆಯಿಂದ ಬೆಂದು, ಮರುದಿನವೇ ಭಂಡಾರದವರಿಗೆ ಪತ್ರ ಟೈಪು ಮಾಡಿಸಿ ಕಳಿಸಿದೆ: ತಳಿಯನ್ನು ಹಿಡಿದವರು ಮಾನಪ್ಪ, ದಯವಿಟ್ಟು ತಿದ್ದಿಕೊಳ್ಳಿ.

ಉತ್ತರ ಬಂದೇಬಂತು, ಸಹಿ ಹಾಕಿದ್ದು ಒಬ್ಬ ಹೆಣ್ಣುಮಗಳು. ಅಚ್ಚಾದದ್ದನ್ನು ತಾವು ಅಳಿಸುವುದಿಲ್ಲ, ಆದರೆ ಮೂಲ ಲೇಖಕನೇ ಬರೆದ ಖಾಸಗಿ ಪತ್ರವನ್ನೂ ಒಂದು ದಾಖಲೆಯೆಂದು ಸೇರಿಸುವ ಪದ್ಧತಿ ತಮ್ಮಲ್ಲಿದೆ, ಮಾನಪ್ಪನವರ ಹೆಸರನ್ನು ಸಂತೋಷದಿಂದ ಸೇರಿಸುತ್ತೇವೆ ಎಂದು ಬರೆದಿದ್ದಳು. ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆ: ಹೇಗೂ ಸಂಗ್ರಾಹಕರು ಸಿಕ್ಕಿದ್ದಾರೆ, ಹಿಡಿದ ನಿಖರ ಜಾಗ ಮತ್ತು ತಾರೀಖು ಅವರನ್ನು ಕೇಳಿ ತಿಳಿಸಬಹುದೇ?

ಪತ್ರದ ಪ್ರತಿ ಹಿಡಿದು ಗೆದ್ದವನಂತೆ ಪ್ರಯೋಗಾಲಯಕ್ಕೆ ಹೋದೆ. ಮಾನಪ್ಪ ಬಾಟಲಿ ತೊಳೆಯುತ್ತಿದ್ದ. ವಿಷಯ ಹೇಳಿ, ಜಾಗ ಯಾವುದು, ತಾರೀಖು ಯಾವುದು ನೆನಪಿದೆಯೇ ಎಂದೆ. ಅವನು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲು ಎಳೆದು ಕೂತ. ಅಷ್ಟು ವರ್ಷದಲ್ಲಿ ನನ್ನ ಮುಂದೆ ಅವನು ಕೂತದ್ದು ಅದೇ ಮೊದಲು.

"ನನ್ನ ಹೆಸರು ಹಾಕಸಬ್ಯಾಡ್ರಿ ಸರ್."

"ಯಾಕೋ?"

"ಹಾಕಸಿದ್ರ ಸುಳ್ಳಿಗೆ ನಾನು ಹೆಬ್ಬೆಟ್ಟು ಒತ್ತಿದಂಗ ಆಗತೈತಿ. ಆ ನೊಣ ನಾರಾಯಣಪುರದ್ದಲ್ರಿ."

"ಮತ್ತ ಎಲ್ಲೀದು?"

"ನಮ್ಮ ಮನೀದು ರೀ. ಸುರಪುರದ್ದು."

ಅವನು ನೆಲ ನೋಡುತ್ತ ಹೇಳುತ್ತ ಹೋದ. "ನಮ್ಮ ಮನಿಯಾಕಿಗೆ ಅದು ಮೂರನೇ ಸಲದ ಬಸರು ರೀ. ಮೊದಲಿನ ಎರಡೂ ಕೂಸು ದಕ್ಕಿರಲಿಲ್ಲ. ಈ ಸಲ ಮನ್ಯಾಗ ಇಟ್ಕೋಬ್ಯಾಡ್ರಿ, ನೋವು ಬಂದ ಕೂಡ್ಲೆ ದವಾಖಾನಿಗೆ ಒಯ್ರಿ ಅಂತ ಸೂಲಗಿತ್ತಿ ಕಡ್ಡಿ ಮುರದಂಗ ಹೇಳಿದ್ಲು. ಒಯ್ಯಾಕ ಮನ್ಯಾಗ ನಾನೊಬ್ಬನ. ನಿಮ್ಮ ಕಡೆ ಮೂರು ದಿನ ರಜಾ ಕೇಳಿದೆ. ನೀವು ಅರ್ಜಿ ಮ್ಯಾಲ ಕಣ್ಣ ಹಾಯಿಸಲಿಲ್ಲ. 'ರಜಾ ಆಮ್ಯಾಲ ನೋಡೂಣು, ಮೊದಲು ನಾರಾಯಣಪುರಕ್ಕ ಹೋಗಿ ನೊಣ ಹಿಡಕೊಂಡು ಬಾ, ಮೂರು ದಿನ ಬೇಕಾದ್ರ ತಗೋ' ಅಂದ್ರಿ. ನಾನು ನಾರಾಯಣಪುರದ ಬಸ್ಸ ಹತ್ತಿದೆ ರೀ, ಸುಳ್ಳಲ್ಲ. ಬಸ್ಸು ಸುರಪುರದಾಗ ನಿಂತಿತು. ಇಳದುಬಿಟ್ಟೆ."

"ಮತ್ತ ನೊಣ?"

"ಬಾಟ್ಲ್ಯಾಗ ಬಾಳಿಹಣ್ಣು ಹಿಚುಕಿ ಅಡಗಿ ಮನಿ ಕಿಡಕ್ಯಾಗ ಇಟ್ಟೆ. ಎರಡನೇ ದಿನ ಅಕಿಗೆ ನೋವು ಬಂತು. ಗಾಡಿ ಮಾಡಿ ಒಯ್ದೆ. ಇನ್ನೊಂದು ತಾಸು ತಡ ಆಗಿದ್ರ ತಾಯಿ ಕೂಸು ಎರಡೂ ಉಳೀತಿದ್ದಿಲ್ಲ ಅಂದ್ರು ಡಾಕ್ಟರು. ಕೂಸು ದಕ್ಕಿತು. ತಿರಗಿ ಮನಿಗೆ ಬಂದು ನೋಡಿದ್ರ ಬಾಟ್ಲಿ ತುಂಬ ನೊಣ ಕುಂತಿದ್ವು. ತಂದು ನಿಮ್ಮ ಮುಂದ ಇಟ್ಟೆ. ನೀವು ಭಾಳ ಖುಷಿ ಆದ್ರಿ, ನನಗ ಬಾಯಿ ಬರಲಿಲ್ಲ."

ಆ ಕೂಸನ್ನು ನಾನು ಬಲ್ಲೆ. ಗೌರಿ, ನಮ್ಮ ಕಾಲೇಜಿನಲ್ಲೇ ಪಿಯುಸಿ ಮುಗಿಸಿ ಬಿ.ಎಸ್ಸಿ.ಗೆ ಕಾಲಿಟ್ಟಿದ್ದ, ಮುಂದಿನ ಬೆಂಚಿನ ಚುರುಕು ಹುಡುಗಿ. ನಾನು ತಡವರಿಸುತ್ತ, "ಎರಡು ಕೂಸು ಹೋಗಿದ್ವು ಅಂತ ನನಗ ಒಂದು ಮಾತು ಹೇಳಬಾರದಿತ್ತೇನೋ?" ಎಂದೆ.

"ನೀವು ಕೇಳಲಿಲ್ರಿ," ಎಂದ ಮಾನಪ್ಪ. ದೂರಿನ ದನಿಯೂ ಇರಲಿಲ್ಲ ಅದರಲ್ಲಿ.

ಆ ಮೂರು ದಿನ ನಾನೆಲ್ಲಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಯಾದಗಿರಿಯಲ್ಲಿ ನನ್ನ ನಾದಿನಿಯ ಕುಬುಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಬೆಳಗುವ ಆ ಊಟಕ್ಕೆ ಹೋಗಬೇಕೆಂದೇ ನಾರಾಯಣಪುರದ ಬಿಸಿಲಿಗೆ ನಾನು ಹೋಗದೆ ಅವನನ್ನು ಅಟ್ಟಿದ್ದು. ಒಬ್ಬಳ ಬಸಿರಿಗೆ ಹೋಳಿಗೆ ಉಂಡು, ಇನ್ನೊಬ್ಬಳ ಬಸಿರನ್ನು ದೇವರ ಮೇಲೆ ಬಿಟ್ಟಿದ್ದೆ. ಅವನು ನನ್ನ ಮಾತು ಕೇಳಿದ್ದರೆ ನನ್ನ ಟಿಪ್ಪಣಿ ನಿಜವಾಗುತ್ತಿತ್ತು, ಮುಂದಿನ ಬೆಂಚು ಖಾಲಿ ಇರುತ್ತಿತ್ತು. ಇದನ್ನು ಯೋಚಿಸಿದ ಆ ಗಳಿಗೆಯಲ್ಲಿ ನನಗಾದಷ್ಟು ನಾಚಿಕೆ ಜನ್ಮದಲ್ಲಿ ಆಗಿಲ್ಲ.

"ಆದ್ರ ಒಂದು ತಿಳೀಲಿಲ್ರಿ," ಎಂದ ಮಾನಪ್ಪ, ಹೋಗುವಾಗ. "ನಮ್ಮ ಮನಿ ನೊಣಕ್ಕ ಕೂದಲ ಯಾಕ ಹೆಚ್ಚಿದ್ವು?"

"ನಿಮ್ಮ ಕಲ್ಲಮನಿ ತಂಪಿರಬೇಕು ಬಿಡೋ," ಎಂದೆ. ಅದಕ್ಕಿಂತ ಹೆಚ್ಚಿನ ವಿಜ್ಞಾನ ನನ್ನಲ್ಲಿ ಉಳಿದಿರಲಿಲ್ಲ.

ಇಷ್ಟು ನಾಚಿಕೆಪಟ್ಟವನು ಆಗಿಂದಾಗಲೇ ಸತ್ಯ ಬರೆದುಹಾಕಿದನೆಂದು ನೀವು ಭಾವಿಸಿದರೆ ಅದು ನಿಮ್ಮ ದೊಡ್ಡ ಗುಣ. ನಾನು ಎರಡು ದಿನ ಹೊಯ್ದಾಡಿದೆ. ಮನಸ್ಸೆಂಬ ವಕೀಲನ ಬಾಯಿ ದೊಡ್ಡದು. ಯಾರಿಗೆ ಗೊತ್ತಾಗುತ್ತದೆ? ನೊಣವೇನು ಸಾಕ್ಷಿ ಹೇಳಲು ಬರುತ್ತದೆಯೇ? ಇಡೀ ಲೋಕದಲ್ಲಿ ನನ್ನ ಹೆಸರಿಗಿರುವುದು ಒಂದು ಸಾಲು. ಅದನ್ನು ನನ್ನ ಕೈಯಾರೆ ಸುಳ್ಳೆಂದು ಸಾರಲೇ, ನಿವೃತ್ತಿಯ ಹೊಸ್ತಿಲಲ್ಲಿ? ಕ್ಷೌರದವನಿಗೂ ತೋರಿಸಿಯಾಗಿದೆ! ಜತೆಗೆ ಮಾನಪ್ಪನದೇ ಕೇಳಿಕೆಯೂ ಇದೆ, ಹೆಸರು ಹಾಕಿಸಬೇಡಿರೆಂದು. ಸುಮ್ಮನಿದ್ದರೆ ಅವನ ಮಾತನ್ನು ನಡೆಸಿಕೊಟ್ಟಂತೆಯೂ ಆಗುತ್ತದೆ ಎಂದು ಆ ವಕೀಲ ವಾದಿಸಿದ.

ಮೂರನೆಯ ದಿನ ರಫೀಕನ ಅಂಗಡಿಗೆ ಹೋಗಿ, ನನ್ನ ಹೆಸರನ್ನು ಇನ್ನೊಮ್ಮೆ ಕಣ್ತುಂಬ ನೋಡಿಕೊಳ್ಳೋಣವೆಂದು ಪುಟ ತೆರೆಸಿದೆ. ಸಡಗರದಲ್ಲಿ ಹಿಂದೆ ಗಮನಿಸದ ಒಂದು ಸಾಲು ಕೆಳಗಿತ್ತು. ದಕ್ಷಿಣದ ವಿಶ್ವವಿದ್ಯಾಲಯದಿಂದ ನನ್ನ ತಳಿಯನ್ನು ಹೆಪ್ಪಿನಂತೆ ಪಡೆದು, ಯಾವುದೋ ದೂರದೇಶದ ಸಂಶೋಧಕಿಯೊಬ್ಬಳು ತೇವದ ಸೀಮೆಯ ನೊಣಗಳೆಂದು ಒಂದು ಪಟ್ಟಿ ಮಾಡಿ ಪ್ರಬಂಧ ಬರೆದಿದ್ದಳು. ಪಟ್ಟಿಯಲ್ಲಿ ನಾರಾಯಣಪುರವೂ ಇತ್ತು. ಆ ಸಂಶೋಧಕಿ ನನ್ನ ಮುಖ ಕಂಡವಳಲ್ಲ, ಕೃಷ್ಣೆಯ ನೀರು ಕುಡಿದವಳಲ್ಲ, ಹಿಂದುಮುಂದು ನೋಡದೆ ನನ್ನನ್ನು ನಂಬಿದ್ದಳು. ಆ ಭಂಡಾರ ನಿಂತಿರುವುದೇ ಇಂಥ ನಂಬಿಕೆಯ ಮೇಲೆ. ನನ್ನ ಸುಳ್ಳಿಗೆ ಮಕ್ಕಳಾಗಿದ್ದವು. ಇನ್ನು ಮೊಮ್ಮಕ್ಕಳೂ ಆಗಲಿದ್ದವು. ನನ್ನ ವಕೀಲ ಬಾಯಿ ಮುಚ್ಚಿದ.

ಅಂದು ಮಧ್ಯಾಹ್ನವೇ ಮಾನಪ್ಪನನ್ನು ಕೂಡಿಸಿಕೊಂಡು ಹೇಳಿದೆ, ಇದ್ದದ್ದು ಇದ್ದಂತೆ ಬರೆಯುತ್ತೇನೆ, ನಿನ್ನ ಹೆಸರೂ ಹಾಕಿಸುತ್ತೇನೆ, ಒಪ್ಪಿಗೆಯೇ?

"ನೌಕರಿಗೆ ಏನರ ಆದೀತೇನ್ರಿ? ಡ್ಯೂಟಿ ಮ್ಯಾಲ ಹೋಗಿ ಮನ್ಯಾಗ ಕುಂತಿದ್ದ ಅಂತ."

"ಅವರು ನೊಣದ ಲೆಕ್ಕ ಇಡವರೋ, ಹಾಜರಿ ಲೆಕ್ಕ ಇಡವರಲ್ಲ. ಆದ್ರೂ ಯಾರರ ಕೇಳಿದ್ರ ತಪ್ಪು ನಂದು ಅಂತ ನಾ ಬರದು ಕೊಡತೀನಿ."

"ಹಂಗಾದ್ರ ಹಾಕ್ರಿ. ಖರೇದು ಬರದು ಹಾಕ್ರಿ."

ತಾರೀಖು ಕೇಳಿದೆ. ಕ್ಷಣವೂ ಯೋಚಿಸದೆ ದಿನ, ವಾರ, ತಿಥಿ ಸಮೇತ ಹೇಳಿದ.

ಪತ್ರ ಬರೆಯಲು ಕೂತವನಿಗೆ ಕೈ ಓಡಿತು. ನೊಣ ಕಾಲುವೆ ದಂಡೆಯದಲ್ಲ. ತೇವದ ಹವೆಯ ಕುರಿತ ನನ್ನ ನಿರ್ಣಯಕ್ಕೆ ಆಧಾರವಿಲ್ಲ, ಅದನ್ನು ಹಿಂತೆಗೆದುಕೊಂಡಿದ್ದೇನೆ. ಆ ದೂರದೇಶದ ವಿದುಷಿಗೂ ದಯವಿಟ್ಟು ತಿಳಿಸಿರಿ. ತಪ್ಪಿಗೆ ಕಾರಣ ಸಂಗ್ರಾಹಕನಲ್ಲ, ಹೆರಿಗೆಯ ಹೊತ್ತಿಗೆ ಅವನಿಗೆ ರಜೆ ಕೊಡದ ನಾನು. ವೈಜ್ಞಾನಿಕ ಪತ್ರದಲ್ಲಿ ಇಂಥ ವಾಕ್ಯಕ್ಕೆ ಜಾಗವಿಲ್ಲವೆಂದು ಗೊತ್ತಿದ್ದೂ ಬರೆದೆ. ಕಳಿಸುವ ಗುಂಡಿ ಒತ್ತುವಾಗ ರಫೀಕನೂ ಏನೂ ಚೇಷ್ಟೆ ಮಾಡಲಿಲ್ಲ. ಟೈಪು ಮಾಡಿದವನು ಅವನೇ ಅಲ್ಲವೇ, ಎಲ್ಲ ಓದಿದ್ದ. "ಅಚ್ಛಾ ಮಾಡಿದ್ರಿ ಸರ್" ಎಂದಷ್ಟೇ ಅಂದು ಚಹಾ ತರಿಸಿದ.

ಭಂಡಾರದ ಪುಟಗಳು ಇಂದು ಹೇಳಿದರೆ ನಾಳೆ ಬದಲಾಗುವಂಥವಲ್ಲ. ಸರದಿ ಬರಬೇಕು, ಪರಿಶೀಲನೆಯಾಗಬೇಕು. ಅಷ್ಟರಲ್ಲಿ ನನ್ನ ನಿವೃತ್ತಿ ಬಂತು. ಶಾಲು, ಹಾರ, ಭಾಷಣ ಆಯಿತು. ಯಾರೋ ಒಬ್ಬರು 'ಜಗದ್ವಿಖ್ಯಾತ ನಾರಾಯಣಪುರ ತಳಿಯ ಜನಕ' ಎಂದು ನನ್ನನ್ನು ಹೊಗಳಿದಾಗ ನಾನೂ ಮಾನಪ್ಪನೂ ಪರಸ್ಪರ ಮುಖ ನೋಡಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ರಫೀಕ ಫೋನು ಮಾಡಿದ: "ಸರ್, ನಿಮ್ಮ ನೊಣ ಬಂದೈತಿ ನೋಡ್ರಿ."

ನಾನು ಹೋಗುವಷ್ಟರಲ್ಲಿ ಮಾನಪ್ಪನೂ ಬಂದಿದ್ದ, ಗೌರಿಯನ್ನು ಕರೆದುಕೊಂಡು. ಮೂವರೂ ಪರದೆಯ ಮುಂದೆ ನಿಂತೆವು. ಗೌರಿಯೇ ಒಂದೊಂದು ಸಾಲು ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳತೊಡಗಿದಳು. ತಳಿಯ ಹೆಸರು ಹಳೆಯದೇ. ಒಮ್ಮೆ ಬಿದ್ದ ಹೆಸರನ್ನು ಅವರು ಕಿತ್ತುಹಾಕುವುದಿಲ್ಲ. ಅದರ ಕೆಳಗೆ ಹೊಸ ಟಿಪ್ಪಣಿ: ಮೊದಲು ತಿಳಿಸಿದ ಸ್ಥಳ ತಪ್ಪು, ಲೇಖಕರೇ ತಿದ್ದಿದ್ದಾರೆ. ನನ್ನ ರಜೆಯ ವಾಕ್ಯವನ್ನು ಅವರು ನಿರೀಕ್ಷೆಯಂತೆ ಕೈಬಿಟ್ಟಿದ್ದರು.

"ಹಿಡಿದವರು, ಮಾನಪ್ಪ," ಎಂದು ಓದಿದಳು ಗೌರಿ. "ಜಾಗ, ಹಿಡಿದವರ ಸ್ವಂತ ಮನಿ, ಸುರಪುರ." ಮುಂದಿನ ಸಾಲಿಗೆ ಅವಳ ಬೆರಳು ನಿಂತಿತು. "ತಾರೀಖು... ಅಪ್ಪಾ, ಇದು ನಾ ಹುಟ್ಟಿದ ದಿನ! ಅವತ್ತು ನೀ ಮನ್ಯಾಗ ಇದ್ದೇನು?"

"ಇದ್ನಲ್ಲವ್ವಾ," ಎಂದ ಮಾನಪ್ಪ. "ಬರದಾರಲ್ಲ."

ಆಮೇಲೆ ಪರದೆಯಿಂದ ಕಣ್ಣು ಕೀಳದೆ, ಅದೇ ತಗ್ಗಿದ ದನಿಯಲ್ಲಿ ನನಗೆ ಹೇಳಿದ:

"ಹಂಗಾದ್ರ ನನ್ನ ರಜಾ ಮಂಜೂರಾತಲ್ರಿ ಸರ್."

ರಜೆ ಕೊಡುವ ಅಧಿಕಾರ ನನ್ನ ಕೈಬಿಟ್ಟು ಆಗಲೇ ಒಂದು ತಿಂಗಳಾಗಿತ್ತು. ಆದರೂ ನಾನು, "ಹೂಂ ಮಾನಪ್ಪ, ಮೂರೂ ದಿನ ಮಂಜೂರು" ಎಂದೆ.